ಅಪ್‌ಡೇಟ್: 80 ಸಾವಿರದ ಕಾರ್ಡ್ ಬಾಕಿ, ಬ್ಯಾಲೆನ್ಸ್ ಟ್ರಾನ್ಸ್‌ಫರ್ ಲೆಕ್ಕ

ತಿಂಗಳಿಗೆ 3.5% ಬಡ್ಡಿಯ ಕ್ರೆಡಿಟ್ ಕಾರ್ಡಿನಲ್ಲಿ ₹80,000 ಬಾಕಿ, ಬೇರೆ ಬ್ಯಾಂಕಿನ ಕಾರ್ಡಿಗೆ ವರ್ಗಾಯಿಸಿದರೆ ಲಾಭವೇ ಅಂತ ಕೇಳಿದ್ದೆ. ವರ್ಗಾಯಿಸಿದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಹಳೇ ಕಾರ್ಡಿನ ಬಡ್ಡಿ ಮೇಲೆ 18% ಜಿಎಸ್‌ಟಿ ಸೇರಿದರೆ ದರ 4.13% ಆಗುತ್ತೆ. ಆರು ಸಮಕಂತಲ್ಲಿ ತೀರಿಸಿದರೂ ಖರ್ಚು ಹೆಚ್ಚುಕಮ್ಮಿ ₹12,000. ಹೊಸದರಲ್ಲಿ 6 ಇಎಂಐ, ತಿಂಗಳಿಗೆ 1.25%, ಪ್ರೊಸೆಸಿಂಗ್ ಶುಲ್ಕ 2%. ಕಂತು ₹13,923. ಬಡ್ಡಿ ಸುಮಾರು ₹3,540, ಅದರ ಜಿಎಸ್‌ಟಿ ₹640, ಶುಲ್ಕ ಜಿಎಸ್‌ಟಿ ಸಮೇತ ₹1,888. ಒಟ್ಟು ₹6,100ರ ಒಳಗೆ.

ಒಪ್ಪುವ ಮುಂಚೆ ಕೇಳಲೇಬೇಕಾದ್ದು: 1.25% ಅನ್ನೋದು ಇಳಿಯುವ ಬಾಕಿಯ ಮೇಲೋ, ಫ್ಲಾಟ್ ದರವೋ (ಅಂದರೆ ಕೊನೆವರೆಗೂ ಪೂರ್ತಿ ₹80,000 ಮೇಲೆ)? ಫ್ಲಾಟ್ ಆದರೆ ಬಡ್ಡಿಯೇ ₹6,000. ಫೋನಿನಲ್ಲಿ ಹೇಳಿದ್ದನ್ನು ನಂಬಬೇಡಿ, ಕಂತಿನ ಪಟ್ಟಿ ಇಮೇಲಲ್ಲಿ ತರಿಸಿಕೊಳ್ಳಿ. ಅವಧಿಗೆ ಮುಂಚೆ ಮುಚ್ಚಿದರೆ ಎಷ್ಟು ಶುಲ್ಕ ಅನ್ನೋದೂ ಅದರಲ್ಲಿರಲಿ.

ಹಣ ಹಳೇ ಕಾರ್ಡಿಗೆ ಸೇರೋಕೆ ಕೆಲವು ದಿನ ಬೇಕು. ಅಷ್ಟರಲ್ಲಿ ಡ್ಯೂ ಡೇಟ್ ಬಂದರೆ ಕನಿಷ್ಠ ಮೊತ್ತ ಕಟ್ಟಿಬಿಡಿ, ಇಲ್ಲದಿದ್ದರೆ ಲೇಟ್ ಫೀ ಬೀಳುತ್ತೆ. ಸ್ಟೇಟ್‌ಮೆಂಟ್ ಆದ ದಿನದಿಂದ ಹಣ ಸೇರುವ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಲ್ಲಿ ಬರುತ್ತೆ. ಬಾಕಿ ಸೊನ್ನೆ ಆಯ್ತು ಅಂತ ಆ ಬಿಲ್ ನೋಡದೆ ಬಿಡಬೇಡಿ.

ಹೊಸ ಕಾರ್ಡ್ ಉಜ್ಜಬೇಡಿ ಅಂದವರ ಮಾತು ಸರಿ: ಕಂತು ಸೇರಿದ ಪೂರ್ತಿ ಬಿಲ್ ಕಟ್ಟದಿದ್ದರೆ ಹೊಸ ಖರೀದಿಗೆ ಮೊದಲ ದಿನದಿಂದಲೇ ಮಾಮೂಲಿ ಬಡ್ಡಿ.