ಮೂಡಿಗೆರೆಗೆ ಕಳಿಸೋ ಮೊದಲು

ಸದಾ ಸಿಡುಕೋ ಹದಿನೈದರ ಮಗನನ್ನ ಅಮೆರಿಕದಿಂದ ಕರ್ಕೊಂಡು ಬಂದು ಒಂದು ವರ್ಷ ಮೂಡಿಗೆರೆಯ ಅಜ್ಜಿ ಮನೇಲಿ ಬಿಡ್ತೀವಿ, ತೋಟದ ಗಾಳಿಗೆ ಸರಿಹೋಗ್ತಾನೆ ಅಂದ್ರಿ. ನಾನೂ ಆ ಕಡೆಯವಳೇ, ಆದ್ರೂ ಈಗ ಬೇಡ ಅಂತೀನಿ. ರಜೆಗೆ ಹೋದವರು ಕಾಣೋ ಮಲೆನಾಡೇ ಬೇರೆ. ಜೂನ್‌ನಲ್ಲಿ ಮಳೆ ಹಿಡಿದ್ರೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಒಳಗೆ ಕೂತು ಕೂತು ದೊಡ್ಡವರಿಗೇ ತಲೆ ಕೆಡುತ್ತೆ. ಗೆಳೆಯರಿಲ್ಲದ, ಕನ್ನಡ ಓದೋಕೆ ಬಾರದ ಹುಡುಗನಿಗೆ ಅದು ಗಡೀಪಾರು ಅನ್ನಿಸಿದ್ರೆ ಆಶ್ಚರ್ಯ ಇಲ್ಲ.

ಯಾವಾಗಲೂ ಸಿಡುಕು, ಹಗಲೆಲ್ಲ ನಿದ್ದೆ, ಜೀವವಾಗಿದ್ದ ಫುಟ್‌ಬಾಲ್ ಬಿಟ್ಟಿದ್ದು. ಇದನ್ನ ನಿಮ್ಮ ಮನೆಯವರು ‘ಕೊಬ್ಬು’ ಅಂತಿದ್ದಾರೆ. ಖಿನ್ನತೆ ಅಂದ್ರೆ ಅಳುಮೋರೆಯೇ ಆಗಬೇಕಿಲ್ಲ, ಈ ವಯಸ್ಸಲ್ಲಿ ಅದು ಸಿಟ್ಟಾಗಿಯೂ ಹೊರಬರುತ್ತೆ. ಎರಡು ವಾರ ದಾಟಿದ್ರೆ ಡಾಕ್ಟರಿಗೆ ತೋರಿಸಲೇಬೇಕು, ನೀವು ಹೇಳೋದು ನೋಡಿದ್ರೆ ತಿಂಗಳುಗಳೇ ಆಗಿವೆ. ‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋದು ಬರೀ ಭಯ. ಹೂಂ ಅಂದ್ರೆ ಒಬ್ಬನನ್ನೇ ಬಿಡಬೇಡಿ, ಅಮೆರಿಕದಲ್ಲೇ ಇದ್ದೀರಲ್ಲ, ಆತ್ಮಹತ್ಯೆ ತಡೆಯೋ ಸಹಾಯವಾಣಿ 988ಕ್ಕೆ ಫೋನ್ ಮಾಡಿ. ಅವನೇ ಮೆಸೇಜ್ ಮಾಡಿದ್ರೂ ಉತ್ತರ ಕೊಡ್ತಾರೆ.

ಖಿನ್ನತೆಗೆ ಮಾತ್ರೆ ಶುರುವಾದ್ರೆ ಗುಣ ಕಾಣೋಕೆ ಕೆಲವು ವಾರ ಹಿಡಿಯುತ್ತೆ. ಹರೆಯದವರಲ್ಲಿ ಮೊದಮೊದಲು ಸಾಯೋ ಯೋಚನೆ ಹೆಚ್ಚಬಹುದು ಅಂತ 2004ರಲ್ಲೇ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ. ಹಾಗಂತ ಮಾತ್ರೆ ಬೇಡ ಅಂತಲ್ಲ, ಆಗ ಮೇಲಿಂದ ಮೇಲೆ ನೋಡ್ತಿರಬೇಕು ಅಂತ. ಬರೆದುಕೊಟ್ಟ ಡಾಕ್ಟರು ಒಂದು ಖಂಡದಲ್ಲಿ, ಹುಡುಗ ಇನ್ನೊಂದರಲ್ಲಿ ಇದ್ರೆ ಅದು ಹೇಗೆ ಆಗುತ್ತೆ?

ಚೇತರಿಸಿಕೊಂಡ ಮೇಲೆ ಅವನೇ ಬಯಸಿದ್ರೆ ಒಂದು ತಿಂಗಳು ಕರ್ಕೊಂಡು ಹೋಗಿ, ಡಿಸೆಂಬರ್ ಆದ್ರೆ ವಾಸಿ, ಕಾಫಿ ಕೊಯ್ಲಿನ ಗದ್ದಲ ಇರುತ್ತೆ. ಡಾಕ್ಟರ ಪತ್ರ, ಮಾತ್ರೆಯ ಮೂಲ ಹೆಸರು ಜೊತೆಗಿರಲಿ, ಕಂಪನಿ ಇಟ್ಟ ಬ್ರ್ಯಾಂಡ್ ಹೆಸರು ಊರಲ್ಲಿ ಬದಲಾಗುತ್ತೆ. ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ನಲ್ಲಿ ಮನೋರೋಗ ವಿಭಾಗ ಇದೆ, ಹೆಚ್ಚಿನದಕ್ಕೆ ಬೆಂಗಳೂರಿನ ನಿಮ್ಹಾನ್ಸ್. 14416, ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ, ಹಗಲೂ ರಾತ್ರಿ ಕನ್ನಡದಲ್ಲೇ ಪುಕ್ಕಟೆ ಮಾತಾಡಬಹುದು. ಇದು ಅಜ್ಜಿಗೇ ಹೆಚ್ಚು ಬೇಕಾಗಬಹುದು. ತೋಟಕ್ಕೆ ಹೊಡೆಯೋ ಔಷಧಿಗಳ ಕೋಣೆಗೆ ಬೀಗ ಹಾಕಿಸಿ, ಕೀಲಿ ದೊಡ್ಡವರ ಹತ್ರ ಇರಲಿ.

ಅಜ್ಜಿ ದೃಷ್ಟಿ ತೆಗೀತಾರೆ, ಹೊರನಾಡಿನ ಅನ್ನಪೂರ್ಣೇಶ್ವರಿಗೆ ಹರಕೆ ಹೊರ್ತಾರೆ. ಹೊರಲಿ. ಮಾತ್ರೆ ಮಾತ್ರ ನಿಲ್ಲಿಸಬಾರದು ಅಂತ ಮೊದಲೇ ಹೇಳಿ. ಮಕ್ಕಳ ಡಾಕ್ಟರ ಅಪಾಯಿಂಟ್‌ಮೆಂಟ್ ಯಾವತ್ತಿಗೆ ಸಿಕ್ತು ತಿಳಿಸಿ, ತಡ ಅಂದ್ರೆ ಅವನ ಶಾಲೆಯ ಕೌನ್ಸೆಲರ್‌ಗೆ ಇವತ್ತೇ ಮೇಲ್ ಹಾಕಿ.