ಸಹಾಯ ಬೇಕು: ಮೆಟ್ಟುಗತ್ತಿಗೆ ಲಾರಿ ಸ್ಪ್ರಿಂಗ್ ಪ್ಲೇಟೋ, ಹಳೇ ಅರವೋ (ಲೋಹ ಉಜ್ಜುವ ಫೈಲ್)?

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಹೊಸ ಮೆಟ್ಟುಗತ್ತಿ (ಈಳಿಗೆಮಣೆ) ಮಾಡಿಸಬೇಕು. ಸಾಗರದ ಕಡೆ ಒಂದು ಕುಲುಮೆಗೆ ಹೋಗಿದ್ದೆ. ಕಾದ ಕಬ್ಬಿಣ ಅಡಿಗಲ್ಲಿನ ಮೇಲೆ ಬಂದರೆ ಸಾಕು, ಪ್ರತಿ ಪೆಟ್ಟಿಗೂ ಕಪ್ಪು ಪೊರೆ ಉದುರುತ್ತಿತ್ತು. ತುಂಬಾ ಚೆಂದದ ಕೆಲಸ, ಮಾಡಿಸಿದರೆ ಅಲ್ಲೇ ಮಾಡಿಸಬೇಕು. ಆದರೆ ಅವರು, "ಲಾರಿ ಸ್ಪ್ರಿಂಗ್ ಪ್ಲೇಟ್ ತರ್ತೀರೋ, ಹಳೇ ಅರ ತರ್ತೀರೋ? ನೀವೇ ಹೇಳಿ" ಅಂದರು. ನನಗೆ ಉತ್ತರ ಗೊತ್ತಾಗಲಿಲ್ಲ.

ಸಂತೆಯಲ್ಲಿ ತಂದ ಕತ್ತಿಯ ಬಾಯಿ ಹಲಸಿನ ಗೂಂಜು (ನಡುವಿನ ದಿಂಡು) ತಾಗಿದರೆ ಮಡಚುತ್ತದೆ. ಬೇರೆ ಕಡೆ ಅರದಿಂದ ಮಾಡಿಸಿದ್ದು ಒಳ್ಳೇ ಹರಿತ, ಆದರೆ ತೆಂಗಿನ ಚಿಪ್ಪು ತಾಗಿ ಅಂಚು ಚಕ್ಕೆ ಎದ್ದಿತು. ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ಸುಮಾರು 0.6%, ಅರದಲ್ಲಿ 1%ರ ಆಸುಪಾಸು ಅಥವಾ ಜಾಸ್ತಿ. ಹಾಗಾಗಿ ಸ್ಪ್ರಿಂಗ್ ಉಕ್ಕು ಪೆಟ್ಟು ತಡೆಯುತ್ತದೆ, ಅರದ್ದು ಹರಿತ ಹಿಡಿದಿಡುತ್ತದೆ, ಅಲ್ವಾ? ಹದ ಕೊಟ್ಟ ಮೇಲೆ (ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದ ಮೇಲೆ) ಮತ್ತೆ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಿಸಿದರೆ ಚಕ್ಕೆ ಏಳುವಂಥ ಬಿರುಸು ತಗ್ಗುತ್ತದೆ ಅಂತಲೂ ಓದಿದೆ.

ಹಲಸು, ಬಾಳೆಕಾಯಿ, ಸೌತೆ ಎಲ್ಲಕ್ಕೂ ಒಂದೇ ಕತ್ತಿ. ಇದಕ್ಕೆ ಯಾವ ಉಕ್ಕು ಕೊಡಲಿ? ಹದವನ್ನು ಎಣ್ಣೆಯಲ್ಲಿ ಕೊಡಿ ಅನ್ನಲೋ, ನೀರಿನಲ್ಲೋ? ಮಾಡಿಸಿ ಬಳಸುತ್ತಿರುವವರು ದಯವಿಟ್ಟು ತಿಳಿಸಿ.