ಎಂ.ಎ. ಮುಗಿದ ಕೂಡಲೇ ಬೋರ್ಡು ಹಾಕಬಹುದೇ?

ತೀರ್ಥಹಳ್ಳಿ ಕಡೆಯ ತಂದೆ:
ನನ್ನ ಮಗಳು ಈ ವರ್ಷ ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸುತ್ತಾಳೆ. ಪೇಟೆಯಲ್ಲಿ ಒಂದು ಕೋಣೆ ಹಿಡಿದು ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡು ಹಾಕಿದರಾಯಿತು ಎಂಬುದು ನೆಂಟರ ಸಲಹೆ. ಇನ್ನೂ ಎರಡು ವರ್ಷ ಕಲಿಯಬೇಕು ಎಂಬುದು ಅವಳ ಹಟ. ಕೊಳೆರೋಗಕ್ಕೆ ಅರ್ಧ ಅಡಿಕೆ ಫಸಲು ಕಳೆದುಕೊಂಡಿರುವ ನನಗೆ ಆ ಎರಡು ವರ್ಷ ಹಗುರವಲ್ಲ. ಮಾತ್ರೆ ಬರೆಯುವ ಅಧಿಕಾರವಿಲ್ಲದ ಈ ವೃತ್ತಿಯವರು ಆಸ್ಪತ್ರೆಯಲ್ಲಿ ಮಾಡುವುದಾದರೂ ಏನು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಸಾಗರದಿಂದ, ಇದೇ ವೃತ್ತಿಯಲ್ಲಿರುವವಳು:
ನಿಮ್ಮ ಮಗಳ ಮಾತೇ ಸರಿ ಸರ್. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಭಾರತೀಯ ಪುನರ್ವಸತಿ ಮಂಡಳಿ ಮಾನ್ಯ ಮಾಡಿದ ಕ್ಲಿನಿಕಲ್ ಸೈಕಾಲಜಿ ತರಬೇತಿ ಪಡೆದವರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ, ಬರಿಯ ಎಂ.ಎ. ಸಾಲದು. ಮಂಡಳಿಯಲ್ಲಿ ನೋಂದಣಿಯೂ ಆಗಬೇಕು.

ಮಾತ್ರೆ ಬರೆಯುವವರು ಮನೋವೈದ್ಯರು. ಬುದ್ಧಿಮಟ್ಟ, ನೆನಪು, ವ್ಯಕ್ತಿತ್ವಗಳ ಪರೀಕ್ಷೆ ನಡೆಸಿ ವರದಿ ಬರೆಯುವುದು, ವಾರಗಟ್ಟಲೆ ಎದುರು ಕೂತು ಮನೋಚಿಕಿತ್ಸೆ ನೀಡುವುದು ನಮ್ಮ ಕೆಲಸ. ಆ ಎರಡು ವರ್ಷದ ಬಹುಭಾಗ ಕಳೆಯುವುದು ವಾರ್ಡಿನಲ್ಲಿ, ಹಿರಿಯರ ಕಣ್ಣೆದುರಿನಲ್ಲಿ. ನಾನು ಕಲಿಯುತ್ತಿದ್ದಾಗ ಹೊಸನಗರ ಕಡೆಯ ಅಜ್ಜರೊಬ್ಬರಿಗೆ, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದೆ. ಅವರು ನೆಲ ನೋಡುತ್ತ ಕೂತರು, ನಾನು ಮರೆವಿನ ಕಾಯಿಲೆ ಎಂದು ಬರೆಯಲು ಹೊರಟೆ. ನನ್ನ ಮೇಲ್ವಿಚಾರಕಿ ತಡೆದು, “ಅಜ್ಜ, ನೂರು ರೂಪಾಯಿ ಕೊಟ್ಟು ಮೂವತ್ತೇಳು ರೂಪಾಯಿಯ ಬೆಲ್ಲ ತಂದರೆ ಚಿಲ್ಲರೆ ಎಷ್ಟು?” ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಅಜ್ಜ, “ಅರವತ್ಮೂರು. ಆದ್ರೆ ಆ ಅಂಗಡಿಯವ ಮೂರು ರೂಪಾಯಿಗೆ ಚಾಕ್ಲೇಟು ಕೊಡ್ತಾನೆ ಮಾರಾಯ್ತಿ” ಎಂದರು. ಹೆಂಡತಿ ತೀರಿಕೊಂಡ ಮೇಲೆ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಊಟವೂ ಅಷ್ಟಕ್ಕಷ್ಟೆ. ಅದು ಖಿನ್ನತೆ, ವಯಸ್ಸಾದವರಲ್ಲಿ ಅದು ಮರೆವಿನ ವೇಷದಲ್ಲಿ ಬರುವುದುಂಟು. ಅಂದು ನನ್ನ ವರದಿಯೇ ಅಂತಿಮವಾಗಿದ್ದರೆ ಅವರಿಗೆ ಬೇರೆಯದೇ ಚಿಕಿತ್ಸೆ ನಡೆಯುತ್ತಿತ್ತು.

ಶಿವಮೊಗ್ಗದ ಉಪನ್ಯಾಸಕ:
ಒಂದು ಎಚ್ಚರಿಕೆ. ಇದುವರೆಗಿನ ದಾರಿ ಎರಡು ವರ್ಷದ ಎಂ.ಫಿಲ್. ಆಗಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟು, ಬಳಿಕ ಕ್ಲಿನಿಕಲ್ ಸೈಕಾಲಜಿಗೆ 2025–26ರವರೆಗೆ ವಿನಾಯಿತಿ ನೀಡಿತು. ಆದ್ದರಿಂದ ಹಣ ಕಟ್ಟುವ ಮೊದಲು, ಸಂಸ್ಥೆಯ ಜಾಹೀರಾತನ್ನು ನಂಬದೆ, ಆ ಕೋರ್ಸಿಗೆ ಆ ವರ್ಷದ ಮಾನ್ಯತೆ ಇದೆಯೇ ಎಂಬುದನ್ನು ಮಂಡಳಿಯ ಜಾಲತಾಣದಲ್ಲಿಯೇ ನೋಡಿ. ಮೊದಲು ಬೆಂಗಳೂರಿನ ನಿಮ್ಹಾನ್ಸ್ ವಿಚಾರಿಸಿ. ಸೀಟು ಕಡಿಮೆ, ಪ್ರವೇಶ ಪರೀಕ್ಷೆ ಕಠಿಣ.

ತೀರ್ಥಹಳ್ಳಿ ಕಡೆಯ ತಂದೆ:
ಇಬ್ಬರಿಗೂ ಧನ್ಯವಾದ. ಬೋರ್ಡು ಬರೆಯುವವನಿಗೆ ಸದ್ಯಕ್ಕೆ ಬೇಡವೆಂದು ಫೋನು ಮಾಡಿದ್ದೇನೆ. ಪ್ರವೇಶ ಪರೀಕ್ಷೆಗೆ ಎಂ.ಎ.ಯ ಯಾವ ಪತ್ರಿಕೆಗಳನ್ನು ಮತ್ತೆ ಓದಿಕೊಳ್ಳಬೇಕು ಎಂದು ಮಗಳು ಕೇಳುತ್ತಿದ್ದಾಳೆ.